ಕೇಳಲಾರದವರ ಹಣಕ್ಕೆ ಲೆಕ್ಕ

ನಮ್ಮ ಇಗರ್ಜಿಗಳಲ್ಲಿ ವರ್ಷಕ್ಕೊಮ್ಮೆ, ಭಾನುವಾರದ ಬಲಿಪೂಜೆ ಮುಗಿದ ಮೇಲೆ, ಧರ್ಮಕೇಂದ್ರದ ಲೆಕ್ಕಪತ್ರವನ್ನು ಓದುವ ಕ್ರಮವಿದೆ. ಕಾಣಿಕೆ ಡಬ್ಬಿಯಿಂದ ಇಷ್ಟು, ವಾರ್ಷಿಕ ಹಬ್ಬದಿಂದ ಇಷ್ಟು, ಮೇಣದಬತ್ತಿಯಿಂದ ಇಷ್ಟು, ತೆಂಗಿನಕಾಯಿಯಿಂದ ಇಷ್ಟು. ಗಂಟೆಗೋಪುರದ ದುರಸ್ತಿಗೆ ಇಷ್ಟು, ವಿದ್ಯುತ್ ಬಿಲ್ಲಿಗೆ ಇಷ್ಟು. ಕುಳಿತು ಕೇಳುವವರಲ್ಲಿ ಅರ್ಧ ಮಂದಿಯ ಮನಸ್ಸು ಅಷ್ಟು ಹೊತ್ತಿಗೆ ಮನೆಯ ಅಡುಗೆಯ ಕಡೆಗೆ ಹೋಗಿರುತ್ತದೆ. ಆದರೂ ಹಿಂದಿನ ಬೆಂಚಿನಿಂದ ಯಾರೋ ಒಬ್ಬ ಹಿರಿಯರು ಎದ್ದು, "ಹೋದ ವರ್ಷ ತೆಂಗಿನಕಾಯಿಯಿಂದ ಇದಕ್ಕಿಂತ ಹೆಚ್ಚು ಬಂದಿತ್ತಲ್ಲ ಫಾದರ್?" ಎಂದು ಕೇಳಿಯೇ ಕೇಳುತ್ತಾರೆ. ಒಂದು ಸಣ್ಣ ನಗು ಏಳುತ್ತದೆ. ಆದರೆ ಅಂಥ ಪ್ರಶ್ನೆ ಬಂದೀತು ಎಂಬ ಒಂದೇ ಕಾರಣಕ್ಕೆ ಲೆಕ್ಕ ಬರೆಯುವವರ ಕೈ ಎಷ್ಟು ಎಚ್ಚರದಿಂದಿರುತ್ತದೆ ಎಂಬುದನ್ನು ಆರ್ಥಿಕ ಸಮಿತಿಯಲ್ಲಿ ದುಡಿದವರೆಲ್ಲರೂ ಬಲ್ಲರು.

ಹಣ ಯಾರ ಹೆಸರಿನಲ್ಲಿ ಬಂದಿದೆಯೋ ಅವರೇ ಎದ್ದು ನಿಂತು ಕೇಳಲಾರದವರಾಗಿದ್ದರೆ? ಈ ವಾರ ನಾವು ಓದುಗರ ಮುಂದಿಡಬಯಸುವ ವಿಷಯ ಇದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಬೌದ್ಧಿಕ ವಿಕಲತೆ ಮುಂತಾಗಿ ಹುಟ್ಟಿನಿಂದಲೋ ಎಳವೆಯಿಂದಲೋ ಜೊತೆಗಿದ್ದು ಬದುಕಿನುದ್ದಕ್ಕೂ ಉಳಿಯುವ ಬೆಳವಣಿಗೆಯ ವೈಕಲ್ಯಗಳುಳ್ಳವರ ಹೆಸರಿನಲ್ಲಿ ನಮ್ಮ ದೇಶದಲ್ಲಿ ಸರಕಾರದ ಹಣವೂ ದಾನಿಗಳ ಹಣವೂ ವೆಚ್ಚವಾಗುತ್ತದೆ. ಹಿಂದೆ ನಾವು ಇದೇ ಬಗೆಯ ಲೇಖನಗಳಲ್ಲಿ 'ಬುದ್ಧಿಮಾಂದ್ಯರು' ಎಂದು ಬರೆಯುತ್ತಿದ್ದೆವು. ಕಾಯಿದೆಯೂ ಹಾಗೆಯೇ ಹೇಳುತ್ತಿತ್ತು. 2011ರ ಜನಗಣತಿ ಆ ಹೆಸರಿನಡಿ ದೇಶದಲ್ಲಿ ಲೆಕ್ಕ ಹಾಕಿದ್ದು ಸುಮಾರು 15 ಲಕ್ಷ ಮಂದಿಯನ್ನು. ಗಣತಿದಾರರು ಬಂದಾಗ ಮಗುವನ್ನು ಒಳಕೋಣೆಗೆ ಕಳುಹಿಸಿದ ಮನೆಗಳು ಎಷ್ಟಿದ್ದವೋ ದೇವರೇ ಬಲ್ಲ. ಇವರಲ್ಲಿ ತಮ್ಮ ಪಾಲಿನ ಹಣದ ಬಗ್ಗೆ ತಾವೇ ಪ್ರಶ್ನಿಸಬಲ್ಲವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಬಹುಮಂದಿಯ ಪರವಾಗಿ ಕೇಳಬೇಕಾದವರು ತಾಯಿತಂದೆಯರು. ಅವರ ನಂತರ ಒಡಹುಟ್ಟಿದವರು. ಅವರೂ ಇಲ್ಲದಾಗ ಯಾರು?

ನಮಗೆ ಪರಿಚಯವಿರುವ ಒಬ್ಬ ತಾಯಿಯಿದ್ದಾರೆ. ವಯಸ್ಸು ಅರುವತ್ತು ದಾಟಿದೆ, ಪತಿ ತೀರಿಕೊಂಡು ಒಂಬತ್ತು ವರ್ಷಗಳಾದವು. ಡೌನ್ ಸಿಂಡ್ರೋಮ್ ಇರುವ ಅವರ ಮಗನಿಗೆ ಈಗ ಮೂವತ್ತರ ಆಸುಪಾಸು. ಮಗನಿಗೆ ಹದಿನೆಂಟು ತುಂಬಿದ ಬಳಿಕ ಬ್ಯಾಂಕಿನಲ್ಲಿ ಅವನ ಹೆಸರಿನ ಖಾತೆಗೆ ಸಹಿ ಹಾಕಲು ತಾಯಿಗೂ ಅಧಿಕಾರವಿಲ್ಲವೆಂದು ತಿಳಿದಾಗ ಅವರು ಜಿಲ್ಲಾಧಿಕಾರಿಗಳ ಕಚೇರಿಗೆ ಅಲೆದು, 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ಸ್ಥಳೀಯ ಮಟ್ಟದ ಸಮಿತಿಯಿಂದ ಮಗನ ಕಾನೂನುಬದ್ಧ ಪಾಲಕಿಯಾಗಿ ನೇಮಕಗೊಂಡರು. ಹೆತ್ತ ಮಗನಿಗೆ ಪಾಲಕಿಯಾಗಲು ಅರ್ಜಿ ಬರೆಯಬೇಕಾಗಿ ಬಂದದ್ದು ಅವರಿಗೆ ಮೊದಮೊದಲು ತುಂಬ ನೋವು ತಂದಿತ್ತು. ಆದೇಶದ ಜೊತೆಗೆ ಅವರ ಕೈಗೆ ಇನ್ನೊಂದು ಹೊಣೆಯೂ ಬಂತು. ಆ ಕಾಯಿದೆಯ 16ನೇ ಕಲಮಿನಂತೆ ಪಾಲಕರಾದವರು ಆರು ತಿಂಗಳೊಳಗೆ ವಿಕಲಚೇತನ ವ್ಯಕ್ತಿಯ ಸ್ಥಿರಚರ ಆಸ್ತಿಯ ಪಟ್ಟಿಯನ್ನು, ಆತನಿಗೆ ಬರಬೇಕಾದ ಮತ್ತು ಆತನು ಕೊಡಬೇಕಾದ ಬಾಕಿಗಳ ವಿವರದೊಂದಿಗೆ ಸಮಿತಿಗೆ ಒಪ್ಪಿಸಬೇಕು. ಅನಂತರ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವನ್ನೂ ಸಲ್ಲಿಸಬೇಕು.

ಆ ತಾಯಿ ಇದನ್ನು ಅಕ್ಷರಶಃ ಪಾಲಿಸುತ್ತಾರೆ. ಮಕ್ಕಳು ಶಾಲೆಗೆ ಒಯ್ಯುವಂಥ ಗೆರೆ ಎಳೆದ ಇನ್ನೂರು ಪುಟದ ಪುಸ್ತಕ. ಎಡಬದಿಗೆ ಜಮಾ, ಬಲಬದಿಗೆ ಖರ್ಚು. ಪಿಂಚಣಿ ಬಂದ ತಾರೀಖು, ಮಾವ ಬರೆದುಕೊಟ್ಟ ಹತ್ತು ಸೆಂಟ್ಸ್ ಜಾಗದ ಅಡಿಕೆಯ ಪಾಲು, 'ನಿರಾಮಯ' ಆರೋಗ್ಯ ವಿಮೆಯ ನವೀಕರಣ, ಥೈರಾಯಿಡ್ ಮಾತ್ರೆ, ಬಸ್ಸಿನ ದರ, ಹಬ್ಬಕ್ಕೆ ಹೊಸ ಅಂಗಿ. ಒಂದು ಕಡೆ 'ಐಸ್‌ಕ್ರೀಮ್, 20 ರೂ.' ಎಂದೂ ಇದೆ. ಇಷ್ಟು ಸಣ್ಣದನ್ನೆಲ್ಲ ಏಕೆ ಬರೆಯುತ್ತೀರಿ ಎಂದು ನಾವು ಕೇಳಿದೆವು. "ಹಣ ಅವನದಲ್ಲವೇ? ನನ್ನದಾಗಿದ್ದರೆ ಬರೆಯುತ್ತಿರಲಿಲ್ಲ" ಎಂದರು.

ಈ ಉತ್ತರವನ್ನು ಕೇಳಿದ ದಿನದಿಂದ ಒಂದು ವಿಚಾರ ನಮ್ಮನ್ನು ಕಾಡುತ್ತಿದೆ. ಕಾಯಿದೆಯು ಒಬ್ಬ ವಿಧವೆ ತಾಯಿಯಿಂದ ಇಪ್ಪತ್ತು ರೂಪಾಯಿಗೂ ಲೆಕ್ಕ ಕೇಳುತ್ತದೆ. ಕೇಳುವುದು ಸರಿಯೇ, ವಿಕಲಚೇತನ ತಮ್ಮನ ಆಸ್ತಿಯನ್ನು ಅಣ್ಣಂದಿರು ನುಂಗಿದ ಕತೆಗಳು ನಮ್ಮ ನಡುವೆ ಕಡಿಮೆಯೇನಲ್ಲ. ಆದರೆ ಅದೇ ಮಗನ ಹೆಸರಿನಲ್ಲಿ ಪಂಚಾಯತು, ಇಲಾಖೆ, ಸ್ವಯಂಸೇವಾ ಸಂಸ್ಥೆ, ಕೊನೆಗೆ ನಮ್ಮವೇ ಆದ ಸಂಸ್ಥೆಗಳು ವೆಚ್ಚ ಮಾಡುವ ಹಣದ ಲೆಕ್ಕವನ್ನು ಅವನ ತಾಯಿಗೆ ಯಾರು ಒಪ್ಪಿಸುತ್ತಾರೆ?

ಪಂಚಾಯತಿನಿಂದಲೇ ಆರಂಭಿಸೋಣ. ಕರ್ನಾಟಕದ ಗ್ರಾಮ ಪಂಚಾಯತುಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ಇದಲ್ಲದೆ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 37ನೇ ಕಲಮು ಬಡತನ ನಿವಾರಣೆ ಮತ್ತು ಅಭಿವೃದ್ಧಿ ಯೋಜನೆಗಳಲ್ಲಿ ಶೇ. 5ರ ಮೀಸಲಾತಿಯನ್ನು, ಅದರಲ್ಲೂ ಮಹಿಳೆಯರಿಗೆ ಆದ್ಯತೆಯನ್ನು ವಿಧಿಸಿದೆ. ನಮ್ಮ ರಾಜ್ಯದಲ್ಲಿ ಈ ಹಣದ ಲೆಕ್ಕವನ್ನು ಊರಿನವರೇ ಕಣ್ಣಾರೆ ನೋಡಲು ಒಂದು ದಿನವೂ ಇದೆ, ಜಮಾಬಂದಿ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ, ಅಂದರೆ ನಮ್ಮ ಮೊಂತಿ ಫೆಸ್ತಿನ ಆಸುಪಾಸಿನಲ್ಲಿ, ಪ್ರತಿ ಪಂಚಾಯತಿನಲ್ಲೂ ಹಿಂದಿನ ಸಾಲಿನ ಪುಸ್ತಕ, ವೋಚರು, ಕಾಮಗಾರಿಯ ಕಡತಗಳನ್ನು ಜನರ ಮುಂದೆ ತೆರೆದಿಡಬೇಕು. ಅಧಿಕಾರಿಗಳು ಜನರೊಂದಿಗೆ ಸ್ಥಳಕ್ಕೆ ಹೋಗಿ ಕಾಮಗಾರಿಯನ್ನು ನೋಡಬೇಕು. ಹೊಸ ತೆನೆಯ ಹಬ್ಬಕ್ಕೆ ಹೂ ಒಯ್ಯುವ ನಮ್ಮ ಮಕ್ಕಳ ಸಾಲು ಎಷ್ಟು ಉದ್ದವೋ ಜಮಾಬಂದಿಗೆ ಹೋಗುವ ಹಿರಿಯರ ಸಾಲು ಅಷ್ಟೇ ಗಿಡ್ಡ.

2023ರಲ್ಲಿ ಆ ತಾಯಿ ತಮ್ಮ ಊರಿನ ಜಮಾಬಂದಿಗೆ ಹೋದರು. ಜೊತೆಯಲ್ಲಿ ನಾವೂ ಇದ್ದೆವು. ಸಭಾಂಗಣದಲ್ಲಿ ಮೂವತ್ತಕ್ಕೂ ಕಡಿಮೆ ಮಂದಿ. ಅವರಲ್ಲಿ ಹಲವರು ಗುತ್ತಿಗೆದಾರರು ಮತ್ತು ಸದಸ್ಯರು. ಕುಡಿಯುವ ನೀರು, ದಾರಿದೀಪ, ಚರಂಡಿ ಎಂದು ಓದುತ್ತ ಹೋದ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು 'ಶೇ. 5ರ ನಿಧಿ' ಎಂಬಲ್ಲಿಗೆ ಬಂದರು. ಒಂದು ಲಕ್ಷ ರೂಪಾಯಿಗೆ ತುಸು ಹೆಚ್ಚಿನ ಮೊತ್ತ. ವೆಚ್ಚ: ಪಂಚಾಯತ್ ಕಟ್ಟಡಕ್ಕೆ ರ‍್ಯಾಂಪ್ ಮತ್ತು ಕೈಪಿಡಿ ಕಂಬಿ. ಮುಂದಿನ ಶೀರ್ಷಿಕೆಗೆ ಹೋಗುವಷ್ಟರಲ್ಲಿ ತಾಯಿ ಎದ್ದು ನಿಂತರು.

"ಸಾರ್, ನನ್ನ ಮಗ ಓಡುತ್ತಾನೆ. ಅವನಿಗೆ ರ‍್ಯಾಂಪ್ ಬೇಡ. ಈ ಹಣದಲ್ಲಿ ಅವನ ಪಾಲು ಎಲ್ಲಿದೆ?"

ಅಧಿಕಾರಿ ಕೆಟ್ಟವರಲ್ಲ. ಸಿಡುಕಲಿಲ್ಲ. ಪುಸ್ತಕವನ್ನು ಕೆಳಗಿಟ್ಟು ಹೇಳಿದರು: "ಬಾಯಮ್ಮ, ಅವನಂಥವರಿಗೆ ಏನು ಮಾಡಿದರೆ ಉಪಯೋಗ ಎಂದು ನಮಗೂ ಗೊತ್ತಾಗುವುದಿಲ್ಲ. ರ‍್ಯಾಂಪ್ ಕಟ್ಟಿದರೆ ಫೋಟೋ ತೆಗೆಯಬಹುದು, ಅಳತೆ ಬರೆಯಬಹುದು, ಬಿಲ್ಲು ಆಗುತ್ತದೆ."

ಅಷ್ಟು ಪ್ರಾಮಾಣಿಕವಾದ ಮಾತನ್ನು ಸರಕಾರಿ ಸಭೆಯೊಂದರಲ್ಲಿ ನಾವು ಕೇಳಿದ್ದು ಅಪರೂಪ. ರ‍್ಯಾಂಪ್ ಬೇಕು, ಗಾಲಿಕುರ್ಚಿಯವರಿಗೆ ಅದು ಹಕ್ಕು. ಅದನ್ನು ನಾವು ಹಳಿಯುವುದಿಲ್ಲ. ಆದರೆ ಆ ಮಾತಿನಲ್ಲಿ ರೋಗದ ಮೂಲವಿದೆ. ನಮ್ಮಲ್ಲಿ ಹಣವು ಫೋಟೋ ತೆಗೆಯಬಹುದಾದ ಕಡೆಗೆ ಹರಿಯುತ್ತದೆ. ಸಿಮೆಂಟು, ಕಬ್ಬಿಣ, ತ್ರಿಚಕ್ರ ವಾಹನ, ಹೊಲಿಗೆ ಯಂತ್ರ, ಇವೆಲ್ಲ ಲೆಕ್ಕಕ್ಕೆ ಸುಲಭ. ಮಾತು ಬಾರದ ಮಗುವಿನ ಬಳಿ ವಾರಕ್ಕೆರಡು ದಿನ ಕುಳಿತು ಒಂದು ಶಬ್ದವನ್ನು ಹೊರಡಿಸಲು ಆರು ತಿಂಗಳು ದುಡಿಯುವ ಶಿಕ್ಷಕಿಯ ಕೆಲಸಕ್ಕೆ ಅಳತೆ ಪುಸ್ತಕವಿಲ್ಲ. ಇಪ್ಪತ್ತೈದು ವರ್ಷದ ಯುವಕನಿಗೆ ತಾನೇ ಸ್ನಾನ ಮಾಡಲು ಕಲಿಸಿದ್ದನ್ನು ಉದ್ಘಾಟಿಸಲು ಯಾವ ಶಾಸಕರೂ ಬರುವುದಿಲ್ಲ. ಹೀಗೆ, ಯಾರೂ ಒಂದು ರೂಪಾಯಿಯನ್ನೂ ಕದಿಯದೆ, ಎಲ್ಲ ವೋಚರುಗಳೂ ಸರಿಯಾಗಿದ್ದು, ಲೆಕ್ಕ ಪರಿಶೋಧಕರು ಸಹಿ ಹಾಕಿದ ಮೇಲೂ, ಒಂದು ವರ್ಗಕ್ಕೆ ಸೇರಿದವರಿಗೆ ಏನೂ ತಲುಪದೆ ಹೋಗಬಹುದು. ಆ ದಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ತನ್ನ ಪಟ್ಟಿಯನ್ನು ತೆಗೆದು ನೋಡಿದಾಗ ಆ ಪಂಚಾಯತಿನಲ್ಲಿ ಬೌದ್ಧಿಕ ವಿಕಲತೆಯುಳ್ಳವರು ಏಳು ಮಂದಿ ಇದ್ದರು. ಆ ನಿಧಿಯಿಂದ ಅವರಲ್ಲಿ ಯಾರಿಗೂ ಆ ವರ್ಷ ಏನೂ ದೊರೆತಿರಲಿಲ್ಲ. ಇದು ಹೊರಬಿದ್ದದ್ದು ಲೆಕ್ಕವನ್ನು ಗಟ್ಟಿಯಾಗಿ ಓದಿದ್ದರಿಂದ ಮತ್ತು ಕೇಳುವವರೊಬ್ಬರು ಅಲ್ಲಿದ್ದುದರಿಂದ.

ಪಾರದರ್ಶಕತೆ ಎಂದೊಡನೆ ನಾವು ಕಳ್ಳನನ್ನು ಹಿಡಿಯುವುದನ್ನಷ್ಟೇ ನೆನೆಯುತ್ತೇವೆ. ಅದಕ್ಕಿಂತ ದೊಡ್ಡ ಉಪಯೋಗವೊಂದು ಇದೆ ಎಂಬುದಕ್ಕೆ ದೂರದ ಉದಾಹರಣೆಯೊಂದನ್ನು ಹೇಳಬಹುದು. ನಮ್ಮ ಕರಾವಳಿಯ ಕುಟುಂಬಗಳ ಮಕ್ಕಳೂ ನೆಲೆಸಿರುವ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1969ರಷ್ಟು ಹಿಂದೆಯೇ ಲ್ಯಾಂಟರ್‌ಮನ್ ಕಾಯಿದೆಯ ಮೂಲಕ ಬೆಳವಣಿಗೆಯ ವೈಕಲ್ಯವುಳ್ಳವರ ಸೇವೆಗಳ ಹೊಣೆಯನ್ನು ತಾನು ಹೊತ್ತಿತು. ಸೇವೆಯನ್ನು ಒದಗಿಸುವ ವ್ಯವಸ್ಥೆ ಮಾಡುವವು 21 ಪ್ರಾದೇಶಿಕ ಕೇಂದ್ರಗಳು; ಇವು ಸರಕಾರಿ ಕಚೇರಿಗಳಲ್ಲ, ಸರಕಾರದ ಹಣದಲ್ಲಿ ನಡೆಯುವ ಲಾಭರಹಿತ ಖಾಸಗಿ ಸಂಸ್ಥೆಗಳು. ಲೆಕ್ಕ ಪರಿಶೋಧನಾ ವರದಿ, ಗುತ್ತಿಗೆಗಳ ವಿವರ, ಆಡಳಿತ ಮಂಡಳಿಯ ನಡಾವಳಿ ಮುಂತಾದವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕೆಂದು 2011ರಲ್ಲಿ ಅಲ್ಲಿನ ಶಾಸನಸಭೆ ಅವುಗಳನ್ನು ಕಟ್ಟುಪಾಡಿಗೆ ಒಳಪಡಿಸಿತು. ಆಡಳಿತ ವೆಚ್ಚಕ್ಕೂ ಶೇ. 15ರ ಮಿತಿ ಹಾಕಿತು. 2012ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ವ್ಯಕ್ತಿಯ ವಯಸ್ಸು, ಜನಾಂಗ, ಮನೆಮಾತು, ವೈಕಲ್ಯದ ಬಗೆ ಇವುಗಳಿಗನುಸಾರ ಮಂಜೂರಾದದ್ದೆಷ್ಟು, ನಿಜವಾಗಿ ವೆಚ್ಚವಾದದ್ದೆಷ್ಟು ಎಂಬುದನ್ನು ಪ್ರತಿವರ್ಷ ಪ್ರಕಟಿಸಿ, ಅದರ ಮೇಲೆ ಸಾರ್ವಜನಿಕ ಸಭೆ ನಡೆಸಬೇಕೆಂದು ವಿಧಿಸಿತು.

ಅಂಕಿಗಳು ಹೊರಬಂದಾಗ ಕಂಡದ್ದು ಕಳ್ಳತನವಲ್ಲ, ತಾರತಮ್ಯ. ಬಿಳಿಯರ ಕುಟುಂಬಗಳ ಒಬ್ಬೊಬ್ಬರಿಗೆ ಸರಾಸರಿ ವೆಚ್ಚವಾಗುತ್ತಿದ್ದ ಹಣಕ್ಕಿಂತ ಸ್ಪ್ಯಾನಿಷ್ ಮನೆಮಾತಿನ ಕುಟುಂಬಗಳವರಿಗೆ ವೆಚ್ಚವಾಗುತ್ತಿದ್ದುದು ಬಹಳ ಕಡಿಮೆ. ಇದರಲ್ಲಿ ಒಂದು ಪಾಲು ವ್ಯತ್ಯಾಸಕ್ಕೆ ವಿವರಣೆಯುಂಟು: ಬೆಳೆದ ಮಕ್ಕಳನ್ನು ವಸತಿ ಕೇಂದ್ರಕ್ಕೆ ಕಳುಹಿಸದೆ ಮನೆಯಲ್ಲೇ ಇಟ್ಟುಕೊಳ್ಳುವ ಕುಟುಂಬಗಳಿಗೆ ತಗಲುವ ಸರಕಾರಿ ವೆಚ್ಚ ಸಹಜವಾಗಿಯೇ ಕಡಿಮೆ. ಆದರೆ ಭಾಷೆ ಬಾರದ, ಕಚೇರಿಯ ನಡೆ ತಿಳಿಯದ, ಕೇಳಲು ಅಂಜುವ ತಾಯಿತಂದೆಯರಿಗೆ ಇಂಥ ಸೇವೆ ಇದೆಯೆಂದೇ ಗೊತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಆ ಅಂತರವನ್ನು ತಗ್ಗಿಸುವುದಕ್ಕೆಂದೇ 2016ರಿಂದ ವರ್ಷಕ್ಕೆ 1.1 ಕೋಟಿ ಡಾಲರುಗಳನ್ನು ಅಲ್ಲಿ ಬೇರೆಯಾಗಿ ತೆಗೆದಿರಿಸಿದರು. ಅಂತರ ಇನ್ನೂ ಮುಚ್ಚಿಲ್ಲ. ಆದರೆ ಅದು ಇಲ್ಲವೆಂದು ಹೇಳುವ ಧೈರ್ಯ ಈಗ ಅಲ್ಲಿ ಯಾರಿಗೂ ಇಲ್ಲ.

ನಮ್ಮಲ್ಲಿ ಕಾಯಿದೆಗಳ ಕೊರತೆಯಿದೆಯೇ? ಇಲ್ಲ. 1994ರ ಡಿಸೆಂಬರಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರಕಾರಿ ಕಾಮಗಾರಿಯ ಕಡತಗಳನ್ನು ಊರಿನವರ ಮುಂದೆ ಗಟ್ಟಿಯಾಗಿ ಓದಿದರು. ಅಲ್ಲಿಂದ ಹೊರಟ ದಾರಿ 2005ರ ಮಾಹಿತಿ ಹಕ್ಕು ಕಾಯಿದೆಗೆ ಬಂದು ಮುಟ್ಟಿತು. ಆ ಬಗೆಯ ಸಭೆಗಳ ಬಲವೆಲ್ಲ ಇದ್ದದ್ದು ಒಂದರಲ್ಲಿ: ಹೆಸರನ್ನು ಓದಿದಾಗ ಆ ಹೆಸರಿನ ಕೂಲಿಯಾಳು ಅಲ್ಲೇ ಎದ್ದು, 'ಈ ಕೂಲಿ ನನಗೆ ಸಿಕ್ಕಿಲ್ಲ' ಎಂದು ಹೇಳಬಲ್ಲವನಾಗಿದ್ದ. ನಮ್ಮ ಈ ಮಕ್ಕಳ ವಿಷಯದಲ್ಲಿ ಇಲ್ಲದಿರುವುದೇ ಅದು. 'ನನಗೆ ಈ ವರ್ಷ ನಲವತ್ತು ದಿನ ಥೆರಪಿ ಎಂದು ಬರೆದಿದ್ದೀರಿ, ಬಂದದ್ದು ಹನ್ನೆರಡೇ ದಿನ' ಎಂದು ಅವರಲ್ಲಿ ಬಹುಮಂದಿ ಹೇಳಲಾರರು. ಆದುದರಿಂದ ಮಾಹಿತಿ ಹಕ್ಕು ಕಾಯಿದೆಯಲ್ಲಿ ನಮಗೆ ಹತ್ತು ರೂಪಾಯಿಯ ಅರ್ಜಿಗಿಂತ, ಮೂವತ್ತು ದಿನಗಳ ಗಡುವಿಗಿಂತ ಮುಖ್ಯವಾಗಿ ಕಾಣುವುದು 4ನೇ ಕಲಮು. ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನಗೆ ಹಂಚಿಕೆಯಾದ ಹಣ, ಯೋಜಿತ ವೆಚ್ಚ, ಸಹಾಯಧನದ ವಿತರಣೆ ಇವನ್ನೆಲ್ಲ ಯಾರೂ ಅರ್ಜಿ ಹಾಕದೆಯೇ ತಾನಾಗಿ ಪ್ರಕಟಿಸಬೇಕೆಂದು ಅದು ಹೇಳುತ್ತದೆ. ಕೇಳಿದರೆ ಹೇಳುವುದು ಒಂದು ಬಗೆ; ಕೇಳಲಾರದವರಿಗೆ ಕೇಳದೆಯೇ ಹೇಳಬೇಕು.

ರಾಷ್ಟ್ರೀಯ ನ್ಯಾಸದ ಕಾಯಿದೆಯಲ್ಲಿಯೂ ಇಂಥ ಒಂದು ಬಾಗಿಲಿದೆ, ಅದನ್ನು ತಟ್ಟಿದವರು ಕಡಿಮೆ. ಕೇಂದ್ರ ಸರಕಾರ ಒಮ್ಮೆಗೆ ಕೊಟ್ಟ 100 ಕೋಟಿ ರೂಪಾಯಿಗಳ ಮೂಲನಿಧಿಯಿಂದ ಬರುವ ಆದಾಯವು ಈ ನ್ಯಾಸದ ಆಧಾರ. ಆ ಕಾಯಿದೆಯ 18ನೇ ಕಲಮಿನ ಪ್ರಕಾರ ಮಂಡಳಿಯ ಪುಸ್ತಕಗಳನ್ನೂ ದಸ್ತಾವೇಜುಗಳನ್ನೂ ನೋಂದಾಯಿತವಾದ ಯಾವುದೇ ಸಂಸ್ಥೆ ಪರಿಶೀಲಿಸಬಹುದು, ಪ್ರತಿಗಳನ್ನೂ ಕೇಳಬಹುದು. ಪಾಲಕರ ಸಂಘಗಳೂ ಹೀಗೆ ನೋಂದಣಿಯಾಗಬಹುದು. 2016ರ ಕಾಯಿದೆಯ 48ನೇ ಕಲಮು ವಿಕಲಚೇತನರಿಗೆ ಸಂಬಂಧಿಸಿದ ಯೋಜನೆಗಳ ಸಾಮಾಜಿಕ ಲೆಕ್ಕ ಪರಿಶೋಧನೆಯನ್ನು ಸರಕಾರದ ಕರ್ತವ್ಯವಾಗಿಸಿದೆ. ಕಾಗದದ ಮೇಲೆ ಎಲ್ಲವೂ ಇದೆ. ಇವೆಲ್ಲದರ ನಡುವೆ ತೀವ್ರ ವೈಕಲ್ಯವುಳ್ಳ ಬಡವರಿಗೆ ಕೇಂದ್ರ ಸರಕಾರ ಕೊಡುವ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯ ಪಾಲು 2012ರಲ್ಲಿ ತಿಂಗಳಿಗೆ 300 ರೂಪಾಯಿಯಾದದ್ದು ಅಲ್ಲಿಯೇ ನಿಂತುಬಿಟ್ಟಿದೆ. ಮೇಲಿನದನ್ನು ರಾಜ್ಯವೇ ತುಂಬಬೇಕು. ಹಣದ ಲೆಕ್ಕವನ್ನು ತೆರೆದಿಟ್ಟಾಗ ಎಷ್ಟು ಸೋರಿತು ಎಂಬುದರ ಜೊತೆಗೆ ಮೊದಲಿಗೇ ಎಷ್ಟು ಕಡಿಮೆ ಸುರಿದಿದ್ದರು ಎಂಬುದೂ ಕಾಣುತ್ತದೆ. ಸರಕಾರಗಳು ಅಂಜುವುದು ಬಹುಶಃ ಎರಡನೆಯದಕ್ಕೆ.

ಇಷ್ಟು ಹೇಳಿದ ಮೇಲೆ ನಮ್ಮ ಮನೆಯ ಅಂಗಳಕ್ಕೆ ಬರದಿದ್ದರೆ ನ್ಯಾಯವಾಗದು. ಸರಕಾರ ಕಣ್ಣು ತೆರೆಯುವ ಎಷ್ಟೋ ಮೊದಲೇ ಇಂಥ ಮಕ್ಕಳನ್ನು ಎತ್ತಿಕೊಂಡವರು ನಮ್ಮ ಧರ್ಮಭಗಿನಿಯರು. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆಯನ್ನಾಗಲಿ, ಪಾಂಬೂರಿನ ಮಾನಸವನ್ನಾಗಲಿ ಕಂಡವರಿಗೆ ಈ ಸೇವೆಯ ಬೆಲೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಇಂಥ ಶಾಲೆಗಳ ಬಗ್ಗೆ ನಮ್ಮ ಜನರಲ್ಲಿರುವ ಗೌರವ ಎಷ್ಟೆಂದರೆ, ಲೆಕ್ಕ ಕೇಳುವುದನ್ನೇ ಒಂದು ಪಾಪವೆಂದು ಭಾವಿಸುವವರಿದ್ದಾರೆ. 'ಸಿಸ್ಟರುಗಳಲ್ಲಿ ಲೆಕ್ಕ ಕೇಳುವುದೇ?' ಎನ್ನುತ್ತಾರೆ. ತೆಂಗಿನಕಾಯಿಯ ಲೆಕ್ಕವನ್ನು ಫಾದರರಲ್ಲಿ ಕೇಳುವ ನಾವು ಮಗನ ಶಾಲೆಯ ಲೆಕ್ಕವನ್ನು ಕೇಳಲು ನಾಚುತ್ತೇವೆ. ಈ ನಾಚಿಕೆಗೆ ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಲು ಕಷ್ಟ: ಬೇರೆಲ್ಲೂ ಜಾಗವಿಲ್ಲದ ಮಗುವನ್ನು ಅವರು ಸೇರಿಸಿಕೊಂಡಿದ್ದಾರೆ, ಪ್ರಶ್ನೆ ಕೇಳಿದರೆ ಎಲ್ಲಿ ಅಸಮಾಧಾನವಾಗುವುದೋ ಎಂಬ ಅಂಜಿಕೆ. ಯಾವ ಭಗಿನಿಯೂ ಹಾಗೆ ಮಾಡುವವರಲ್ಲ ಎಂದು ನಾವು ಬಲ್ಲೆವು. ಅಂಜಿಕೆ ಮಾತ್ರ ಇದೆ.

ಧರ್ಮಸಭೆಯ ಕಾನೂನು ಈ ಅಂಜಿಕೆಯ ಪರವಾಗಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 537ನೇ ವಿಧಿ ಪ್ರತಿ ಧರ್ಮಕೇಂದ್ರಕ್ಕೂ ಆರ್ಥಿಕ ಸಮಿತಿಯನ್ನು ಕಡ್ಡಾಯ ಮಾಡುತ್ತದೆ. 1287ನೇ ವಿಧಿಯು ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು ಹೇಳುತ್ತದೆ. ಸಂತ ಪೌಲರೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎಂಟನೆಯ ಅಧ್ಯಾಯದಲ್ಲಿ, ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಒಬ್ಬರೇ ಒಯ್ಯದೆ, ಸಭೆಗಳು ಆರಿಸಿದವರನ್ನು ಜೊತೆಗೆ ಕಳುಹಿಸುವ ಏರ್ಪಾಡು ಮಾಡಿದ್ದನ್ನು ಓದುಗರು ಬಲ್ಲರು. ಸಂತರೆಂದು ನಾವು ಪೂಜಿಸುವವರೇ ಸಾಕ್ಷಿಗಳನ್ನು ಬಯಸಿದ್ದರು. ನಾಡಿನ ಕಾನೂನೂ ಈಗ ಅದೇ ದಾರಿಯಲ್ಲಿದೆ: ಸರಕಾರದಿಂದ ಗಣನೀಯವಾಗಿ ಹಣ ಪಡೆಯುವ ಸ್ವಯಂಸೇವಾ ಸಂಸ್ಥೆಗಳೂ ಮಾಹಿತಿ ಹಕ್ಕು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ ಎಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರಿನಲ್ಲಿ ಡಿ.ಎ.ವಿ. ಕಾಲೇಜು ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ವಿದೇಶದಿಂದ ದೇಣಿಗೆ ಪಡೆಯುವ ಸಂಸ್ಥೆಗಳು ಪರಿಶೋಧಿತ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಬೇಕೆಂಬ ನಿಯಮವೂ ಇದೆ. ಆದರೆ ಅದು ಕಂಪ್ಯೂಟರಿನಲ್ಲಿ, ಇಂಗ್ಲಿಷಿನಲ್ಲಿ, ಲೆಕ್ಕಿಗರ ಪರಿಭಾಷೆಯಲ್ಲಿ ಇರುತ್ತದೆ. ಬೀಡಿ ಕಟ್ಟಿ ಮಗನನ್ನು ಸಾಕಿದ ತಾಯಿಗೆ ಅದು ಇದ್ದೂ ಇಲ್ಲದ ಹಾಗೆ.

ಲೆಕ್ಕವನ್ನು ತೆರೆದಿಟ್ಟರೆ ನಷ್ಟವಾಗುವುದು ಶಾಲೆಗಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. ಸರಕಾರದ ಶಿಶುಕೇಂದ್ರಿತ ಯೋಜನೆಯ ಸಹಾಯಧನ ಕಂತು ತಿಂಗಳುಗಟ್ಟಲೆ ತಡವಾಗಿ ಬಂದು, ಅಷ್ಟು ಕಾಲ ಸಾಲ ಮಾಡಿ ಶಿಕ್ಷಕಿಯರ ಸಂಬಳ ಕೊಟ್ಟ ಶಾಲೆಗಳಿವೆ. ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದ ಆ ಶಿಕ್ಷಕಿಯರ ಸಂಬಳವನ್ನು ಇಲ್ಲಿ ಬರೆಯಲು ನಮಗೇ ಸಂಕೋಚ. ಪಾಲಕರಿಗೆ ಇದೊಂದೂ ತಿಳಿದಿರುವುದಿಲ್ಲ. 'ಸರಕಾರದಿಂದ ಲಕ್ಷಗಟ್ಟಲೆ ಬರುತ್ತದಂತೆ, ವಿದೇಶದಿಂದಲೂ ಬರುತ್ತದಂತೆ' ಎಂಬ ಗಾಳಿಮಾತು ಬಸ್ಸಿನಲ್ಲಿ ಕೇಳಿಬರುತ್ತದೆ. ವರ್ಷಕ್ಕೊಮ್ಮೆ ಪಾಲಕರನ್ನು ಕೂಡಿಸಿ, ಒಂದೇ ಹಾಳೆಯಲ್ಲಿ, ಕನ್ನಡದಲ್ಲೋ ಕೊಂಕಣಿಯಲ್ಲೋ, ಒಂದು ಮಗುವಿಗೆ ವರ್ಷಕ್ಕೆ ತಗಲುವ ವೆಚ್ಚ ಇಷ್ಟು, ಸರಕಾರ ಕೊಟ್ಟದ್ದು ಇಷ್ಟು, ಬಾಕಿ ಇಷ್ಟು, ದಾನಿಗಳಿಂದ ಇಷ್ಟು, ಕೊರತೆ ಇಷ್ಟು ಎಂದು ಓದಿದರೆ ಗಾಳಿಮಾತು ನಿಲ್ಲುತ್ತದೆ. ಬಾಕಿ ಹಣಕ್ಕಾಗಿ ಜಿಲ್ಲಾ ಕಚೇರಿಯ ಮುಂದೆ ಭಗಿನಿಯರು ಒಬ್ಬರೇ ನಿಲ್ಲಬೇಕಾಗುವುದಿಲ್ಲ; ನೂರು ಮಂದಿ ತಾಯಿತಂದೆಯರು ಅಂಕಿಗಳನ್ನು ಕೈಯಲ್ಲಿ ಹಿಡಿದು ಜೊತೆಗೆ ಬರುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ತೆರೆದಿಡಬೇಕಾದದ್ದು ಹಣವನ್ನು, ಮಗುವನ್ನಲ್ಲ. ಫಲಾನುಭವಿಗಳ ಪಟ್ಟಿಯೆಂದು ಹೆಸರು, ಮನೆ, ವೈಕಲ್ಯದ ಶೇಕಡಾವಾರು, ಭಾವಚಿತ್ರ ಸಹಿತ ಗೋಡೆಗೆ ಅಂಟಿಸಿದ್ದನ್ನು ನಾವು ಕಂಡಿದ್ದೇವೆ. ತಂಗಿಯ ಮದುವೆಯ ಮಾತುಕತೆಗೆ ಬಂದವರು ಅದನ್ನು ಓದಿ ಹಿಂದಿರುಗಿದರೆ ಆ ಮನೆಯವರು ಇನ್ನೆಂದೂ ಯಾವ ಅರ್ಜಿಯನ್ನೂ ಹಾಕಲಾರರು. ಎಷ್ಟು ಮಂದಿಗೆ, ಯಾವ ಸೇವೆ, ಎಷ್ಟು ದಿನ, ಎಷ್ಟು ರೂಪಾಯಿ, ಇಷ್ಟು ಸಾರ್ವಜನಿಕರಿಗೆ ಸಾಕು. ಮಗುವಿನ ವೈಯಕ್ತಿಕ ದಾಖಲೆ ಅವನಿಗೂ ಅವನ ಮನೆಯವರಿಗೂ ಸೇರಿದ್ದು. ಧನಸಹಾಯದ ಚೆಕ್ಕನ್ನು ಕೈಯಲ್ಲಿ ಹಿಡಿಸಿ ಮಗುವನ್ನು ವೇದಿಕೆಯ ಮೇಲೆ ನಿಲ್ಲಿಸುವ ಚಾಳಿಯೂ ಇಲ್ಲಿಯೇ ಹೇಳಬೇಕಾದದ್ದು, ಆದರೆ ಅದು ಇನ್ನೊಂದು ವಾರದ ಮಾತು.

ಆ ತಾಯಿಯ ಪ್ರಶ್ನೆಯನ್ನು 2023ರ ಜಮಾಬಂದಿಯ ನಡಾವಳಿಯಲ್ಲಿ ಬರೆದುಕೊಂಡರು. ಬರೆದುಕೊಂಡದ್ದನ್ನು ನೋಡಿ, ತಮ್ಮ ಹೆಸರಿನ ಕಾಗುಣಿತವನ್ನೂ ತಿದ್ದಿಸಿಯೇ ಅವರು ಹೊರಬಂದದ್ದು. ಮುಂದಿನ ತಿಂಗಳುಗಳಲ್ಲಿ ವಿಕಲಚೇತನರ ವಿಶೇಷ ಗ್ರಾಮಸಭೆಗೆ ಅವರು ಉಳಿದ ಆರು ಮನೆಗಳವರನ್ನು ಕರೆದುಕೊಂಡು ಹೋದರು. ಅವರಲ್ಲಿ ಇಬ್ಬರು ಮುಸ್ಲಿಂ ತಾಯಂದಿರು, ಒಬ್ಬರು ಎಪ್ಪತ್ತೈದು ದಾಟಿದ ಅಜ್ಜ. ಫೋಟೋಗೆ ಸಿಗದ ಕೆಲಸಕ್ಕೆ ಬಿಲ್ಲು ಮಾಡುವುದು ಹೇಗೆ ಎಂಬ ಅಧಿಕಾರಿಯ ತೊಡಕಿಗೂ ಅಲ್ಲೇ ದಾರಿ ಹುಡುಕಿದರು: ಮನೆಗೆ ಬರುವ ಶಿಕ್ಷಕಿಯ ಭೇಟಿ ಪುಸ್ತಕಕ್ಕೆ ಪ್ರತಿ ಬಾರಿಯೂ ಮನೆಯವರ ಸಹಿ.

2024ರ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಸಭಾಂಗಣ. ಈ ಸಲ ಮಗನೂ ಬಂದಿದ್ದ. ವೋಚರುಗಳ ಚೀಲವನ್ನು ತಾನೇ ಹೊತ್ತು ಎದುರಿನ ಕುರ್ಚಿಯಲ್ಲಿ ಕುಳಿತಿದ್ದ. ಅಧಿಕಾರಿ 'ಶೇ. 5ರ ನಿಧಿ' ಎಂದು ಓದಿ, ತಾಯಿಯ ಕಡೆಗೆ ಒಮ್ಮೆ ನೋಡಿ, ಮುಂದಿನ ಸಾಲನ್ನು ನಿಧಾನವಾಗಿ ಓದಿದರು: "ಬೌದ್ಧಿಕ ವಿಕಲತೆಯುಳ್ಳ ಏಳು ಮಂದಿಗೆ, ತಿಂಗಳಿಗೆ ಎರಡು ಬಾರಿ, ವಿಶೇಷ ಶಿಕ್ಷಕಿಯ ಮನೆಭೇಟಿ."

ಯಾರೋ ಚಪ್ಪಾಳೆ ತಟ್ಟಿದರು. ತಾಯಿ ತಟ್ಟಲಿಲ್ಲ. ತಮ್ಮ ಪುಸ್ತಕವನ್ನು ತೆರೆದು, ಕನ್ನಡಕ ಸರಿಪಡಿಸಿಕೊಂಡು, "ಸಾರ್, ವರ್ಷದಲ್ಲಿ ಎಷ್ಟು ತಿಂಗಳು ಬಂದರು ಎಂದು ಇದೆಯೇ?" ಎಂದು ಕೇಳಿದರು. ಅಧಿಕಾರಿ ಗುಮಾಸ್ತನನ್ನು ಭೇಟಿ ಪುಸ್ತಕ ತರಲು ಕಳುಹಿಸಿದರು.